ಸ್ತ್ರೀಯರ ಆರೋಗ್ಯವೂ ಆಹಾರದ ಪರೀಕ್ಷೆಯೂ

ಆಹಾರದ ವಿಷಯದಲ್ಲಿ ಅಭಿಪ್ರಾಯವಿಲ್ಲದ ಮನುಷ್ಯನನ್ನು ಕಾಣುವುದು ಕಷ್ಟ. ಅದರಲ್ಲಿಯೂ ಹೆಂಗಸರು ಏನನ್ನು ತಿನ್ನಬೇಕು, ಏನನ್ನು ತಿನ್ನಬಾರದು ಎಂದು ಉಪದೇಶಿಸುವವರ ಸಂಖ್ಯೆ ಇನ್ನೂ ಹೆಚ್ಚು. ಬಸುರಿಗೆ ಪರಂಗಿಹಣ್ಣು ಕೂಡದೆಂದು ಒಬ್ಬರು, ಬಾಣಂತಿಗೆ ಸೊಪ್ಪು ಶೀತವೆಂದು ಇನ್ನೊಬ್ಬರು, ವಯಸ್ಸಾದವಳಿಗೆ ಒಪ್ಪೊತ್ತಿನ ಊಟವೇ ಸಾಕೆಂದು ಮತ್ತೊಬ್ಬರು ಹೇಳುವುದನ್ನು ನಾವೆಲ್ಲರೂ ಕೇಳಿಯೇ ಇದ್ದೇವೆ. ಹಿರಿಯರ ಈ ಮಾತುಗಳ ಜೊತೆಗೆ ಈಗ ಪತ್ರಿಕೆಗಳೂ ಕೈಯೊಳಗಿನ ದೂರವಾಣಿಯೂ ಸೇರಿಕೊಂಡು, ಒಂದು ದಿನ ತುಪ್ಪವು ವಿಷವೆಂದೂ ಮರುದಿನ ಅದೇ ಅಮೃತವೆಂದೂ ಸಾರುತ್ತಿವೆ. ವಿದ್ಯಾವಂತರಾದವರಿಗೂ ಇವುಗಳಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯದಂತಾಗಿದೆ.

ನಾವು ಕಾಲೇಜಿನಲ್ಲಿ ಪಾಠ ಹೇಳುವವರೇ ಹೊರತು ವೈದ್ಯರಲ್ಲ. ಆದ್ದರಿಂದ ಯಾರಿಗೂ ಪಥ್ಯವನ್ನು ವಿಧಿಸುವುದು ಈ ಭಾಷಣದ ಉದ್ದೇಶವಲ್ಲ. ಹೆಂಗಸರ ಆರೋಗ್ಯಕ್ಕೂ ಅವರ ಊಟ, ದುಡಿಮೆ, ವಿಶ್ರಾಂತಿಗಳಿಗೂ ಇರುವ ಸಂಬಂಧವನ್ನು ವಿಜ್ಞಾನಿಗಳು ಯಾವ ಯಾವ ಮಾರ್ಗಗಳಿಂದ ಕಂಡುಕೊಂಡರು, ಆ ಮಾರ್ಗಗಳ ಬಲವೆಷ್ಟು, ಮಿತಿಯೆಷ್ಟು ಎಂಬುದನ್ನು ಮಾತ್ರ ಇಲ್ಲಿ ವಿವರಿಸಲು ಪ್ರಯತ್ನಿಸುತ್ತೇವೆ. ತಿಳಿವಳಿಕೆ ಬಂದ ದಾರಿಯನ್ನು ಅರಿತವನಿಗೆ ಅದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೂ ಗೊತ್ತಾಗುತ್ತದೆ.

ಹೆಂಗಸರ ವಿಷಯದಲ್ಲಿ ಪ್ರತ್ಯೇಕವಾದ ಸಂಶೋಧನೆಯೇಕೆ, ಮನುಷ್ಯಶರೀರವೆಲ್ಲವೂ ಒಂದೇ ಅಲ್ಲವೆ ಎಂದು ಕೆಲವರು ಕೇಳಬಹುದು. ಬಹುಕಾಲ ವೈದ್ಯಶಾಸ್ತ್ರವೂ ಹಾಗೆಯೇ ಭಾವಿಸಿ, ಗಂಡಸರನ್ನು ಪರೀಕ್ಷಿಸಿ ಬಂದ ಫಲವನ್ನು ಹೆಂಗಸರಿಗೂ ಅನ್ವಯಿಸುತ್ತಿತ್ತು. ಅಮೆರಿಕದಲ್ಲಿ ೨೨,೦೭೧ ಮಂದಿ ವೈದ್ಯರ ಮೇಲೆ ನಡೆದ ಆಸ್ಪಿರಿನ್ ಪ್ರಯೋಗದ ಫಲಿತಾಂಶ ೧೯೮೯ರಲ್ಲಿ ಪ್ರಕಟವಾಯಿತು. ಆಸ್ಪಿರಿನ್ನಿನಿಂದ ಮೊದಲ ಹೃದಯಾಘಾತವು ಬಹಳ ಕಡಮೆಯಾಗುವುದೆಂದು ಅದರಿಂದ ಕಂಡುಬಂದಿತು. ಆದರೆ ಆ ಇಪ್ಪತ್ತೆರಡು ಸಾವಿರ ಮಂದಿಯಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಬಳಿಕ ೩೯,೮೭೬ ಮಂದಿ ಹೆಂಗಸರ ಮೇಲೆ ಅಂತಹುದೇ ಪ್ರಯೋಗ ನಡೆದು ೨೦೦೫ರಲ್ಲಿ ಫಲ ತಿಳಿದಾಗ, ಅವರಲ್ಲಿ ಹೃದಯಾಘಾತವು ಗಣನೀಯವಾಗಿ ಕಡಮೆಯಾಗಿರಲಿಲ್ಲ. ಕಡಮೆಯಾದದ್ದು ಮಿದುಳಿನ ಆಘಾತ, ಅದೂ ಶೇಕಡಾ ೧೭ರಷ್ಟು. ಔಷಧ ಒಂದೇ, ಫಲ ಬೇರೆ. ಔಷಧದ ವಿಷಯದಲ್ಲಿಯೇ ಹೀಗಿರಲು, ತಿಂಗಳು ತಿಂಗಳು ರಕ್ತವನ್ನು ಕಳೆದುಕೊಳ್ಳುವ, ಗರ್ಭವನ್ನು ಹೊರುವ, ಹಾಲೂಡುವ ಶರೀರಕ್ಕೆ ಬೇಕಾದ ಆಹಾರವು ಗಂಡಸಿನ ಆಹಾರದ ಲೆಕ್ಕದಲ್ಲಿಯೇ ಅಡಗಿದೆಯೆಂದು ಹೇಗೆ ಹೇಳುವುದು? ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ೨೦೨೦ರಲ್ಲಿ ನಿರ್ಧರಿಸಿದಂತೆ ಪ್ರಾಯದ ಗಂಡಸಿಗೆ ದಿನಕ್ಕೆ ೧೯ ಮಿಲಿಗ್ರಾಂ ಕಬ್ಬಿಣದ ಅಂಶ ಬೇಕಾದರೆ ಹೆಂಗಸಿಗೆ ೨೯ ಮಿಲಿಗ್ರಾಂ ಬೇಕು. ಸಾಮಾನ್ಯವಾಗಿ ಆಕೆ ಉಣ್ಣುವ ಅನ್ನದ ಪ್ರಮಾಣವಾದರೋ ಗಂಡಸಿನದಕ್ಕಿಂತ ಕಡಮೆ. ಚಿಕ್ಕ ಊಟದಿಂದ ದೊಡ್ಡ ಅವಶ್ಯಕತೆಯನ್ನು ಪೂರೈಸಿಕೊಳ್ಳಬೇಕಾದವಳು ಆಕೆ. ಆಹಾರದ ಪ್ರಮಾಣಕ್ಕಿಂತ ಅದರ ಗುಣವು ಮುಖ್ಯವೆಂದು ಹೇಳುವುದು ಇದಕ್ಕಾಗಿಯೇ.

ಈ ಗುಣದ ಪರೀಕ್ಷೆಯಲ್ಲಿ ಮೊದಲ ದೊಡ್ಡ ಅಧ್ಯಾಯವು ನಮ್ಮ ದೇಶದಲ್ಲಿಯೇ ನಡೆಯಿತೆಂಬುದು ಅನೇಕರಿಗೆ ತಿಳಿಯದು. ೧೯೨೮ರಲ್ಲಿ ಲೂಸಿ ವಿಲ್ಸ್ ಎಂಬ ಆಂಗ್ಲ ವೈದ್ಯೆ ಬೊಂಬಾಯಿಗೆ ಬಂದರು. ಕೇಂಬ್ರಿಡ್ಜಿನಲ್ಲಿಯೂ ಲಂಡನ್ನಿನ ಮಹಿಳಾ ವೈದ್ಯಶಾಲೆಯಲ್ಲಿಯೂ ಓದಿದವರು ಅವರು. ಆ ನಗರದ ಬಡ ಬಸುರಿಯರನ್ನು, ಮುಖ್ಯವಾಗಿ ಬಟ್ಟೆಯ ಗಿರಣಿಗಳಲ್ಲಿ ದುಡಿಯುವ ಹೆಂಗಸರನ್ನು, ಒಂದು ಬಗೆಯ ಉಗ್ರವಾದ ರಕ್ತಹೀನತೆ ಹಿಡಿಯುತ್ತಿತ್ತು. ಮುಖವು ಬಿಳುಪೇರಿ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಂದು, ಹೆರಿಗೆಯ ಹೊತ್ತಿಗೆ ಪ್ರಾಣಕ್ಕೇ ಸಂಚಕಾರವಾಗುತ್ತಿತ್ತು. ಅವರ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಮೆ, ಗಾತ್ರದಲ್ಲಿ ಮಾತ್ರ ಸಹಜಕ್ಕಿಂತ ದೊಡ್ಡವು. ಕಬ್ಬಿಣದ ಕೊರತೆಯಿಂದಾಗುವ ರಕ್ತಹೀನತೆಯಲ್ಲಿ ಕಣಗಳು ಚಿಕ್ಕದಾಗುತ್ತವೆ, ಇದು ಅದಲ್ಲ.

ಡಾಕ್ಟರ್ ವಿಲ್ಸ್ ಅವರು ಮೊದಲು ಸೋಂಕಿನ ಕಡೆಗೆ ನೋಡಿದರು. ಅಲ್ಲಿ ಕಾರಣ ದೊರೆಯಲಿಲ್ಲ. ಅನಂತರ, ಈ ಹೆಂಗಸರು ತಿನ್ನುವುದೇನು ಎಂಬ ಸರಳವಾದ ಪ್ರಶ್ನೆಯನ್ನು ಕೇಳಿದರು. ಬೇರೆ ಬೇರೆ ವರ್ಗಗಳ ಹೆಂಗಸರ ಊಟವನ್ನು ಹೋಲಿಸಿ ನೋಡಿದಾಗ, ಅನುಕೂಲವಂತರಲ್ಲಿ ಈ ರೋಗ ವಿರಳವೆಂದೂ, ಹಣ್ಣು ತರಕಾರಿಗಳಿಲ್ಲದ ಊಟ ಮಾಡುವ ಬಡವರಲ್ಲಿ ಹೆಚ್ಚೆಂದೂ ಕಂಡಿತು. ಬೊಂಬಾಯಿ, ಕೂನೂರು, ಮದರಾಸುಗಳಲ್ಲಿ ಅವರ ಕೆಲಸ ಸಾಗಿತು. ಆ ಬಡ ಊಟವನ್ನೇ ಇಲಿಗಳಿಗೆ ತಿನ್ನಿಸಿದರು. ಇಲಿಗಳಿಗೂ ರಕ್ತಹೀನತೆ ಬಂತು. ಆದರೆ ಇಲಿಗಳ ಮೈಮೇಲಿನ ಹೇನುಗಳಿಂದ ಹರಡುವ ಒಂದು ಸೋಂಕು ಆ ಲೆಕ್ಕವನ್ನೆಲ್ಲ ಕೆಡಿಸಿತ್ತೆಂದು ಆಮೇಲೆ ತಿಳಿಯಿತು. ಅವರು ಅಲ್ಲಿಗೆ ಬಿಡಲಿಲ್ಲ. ಕೋತಿಗಳ ಮೇಲೆ ಪ್ರಯೋಗವನ್ನು ಮುಂದುವರಿಸಿದರು. ಕೊನೆಗೆ ಗುಣ ಕೊಟ್ಟದ್ದು ಬೆಲೆಬಾಳುವ ಔಷಧವಲ್ಲ. ಮದ್ಯ ಭಟ್ಟಿಗಳಲ್ಲಿ ಉಳಿಯುವ ಈಸ್ಟಿನ ಸಾರವಾದ ಮಾರ್ಮೈಟ್ ಎಂಬ ಅಗ್ಗದ ತಿನಿಸಿನಿಂದ ಕೋತಿಯೂ ಚೇತರಿಸಿತು, ಬಸುರಿಯರೂ ಚೇತರಿಸಿಕೊಂಡರು. ೧೯೩೧ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಆ ಸಾರದಲ್ಲಿದ್ದ ಪದಾರ್ಥ ಯಾವುದೆಂಬುದು ಆಗ ತಿಳಿದಿರಲಿಲ್ಲ. ಆದ್ದರಿಂದ ಅದನ್ನು ವಿಲ್ಸ್ ಅಂಶವೆಂದೇ ಕರೆದರು. ೧೯೪೧ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರು ನಾಲ್ಕು ಟನ್ನು ಪಾಲಕ್ ಸೊಪ್ಪನ್ನು ಸಂಸ್ಕರಿಸಿ ಅದೇ ಬಗೆಯ ಪದಾರ್ಥವೊಂದನ್ನು ಬೇರ್ಪಡಿಸಿ, ಎಲೆಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರಿನಿಂದ ಅದನ್ನು ಫೋಲಿಕ್ ಆಮ್ಲವೆಂದು ಕರೆದರು. ೧೯೪೫ರಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ಲೆಡರ್ಲೆ ಪ್ರಯೋಗಶಾಲೆಯಲ್ಲಿ ಸಂಶೋಧನೆಯ ನಾಯಕರಾಗಿದ್ದವರು ಭಾರತೀಯರಾದ ಯಲ್ಲಾಪ್ರಗಡ ಸುಬ್ಬರಾಯರು. ಜೀವಕೋಶವು ಒಂದು ಎರಡಾಗಬೇಕಾದರೆ ಈ ಪದಾರ್ಥ ಬೇಕು. ಇದಿಲ್ಲದಿದ್ದರೆ ರಕ್ತದ ಕಣವು ಬೆಳೆಯುತ್ತದೆ, ಆದರೆ ವಿಭಾಗ ಹೊಂದಲಾರದು. ಕಣಗಳು ದೊಡ್ಡವಾಗಿಯೂ ಸಂಖ್ಯೆಯಲ್ಲಿ ಕಡಮೆಯಾಗಿಯೂ ಕಂಡ ಗುಟ್ಟು ಇದೇ. ಮುಂದೆ ೧೯೯೧ರಲ್ಲಿ, ಏಳು ದೇಶಗಳ ೩೩ ಕೇಂದ್ರಗಳಲ್ಲಿ ನಡೆದ ಪ್ರಯೋಗವೊಂದು ಇದರ ಇನ್ನೊಂದು ಮಹಿಮೆಯನ್ನು ತೋರಿಸಿತು. ಹಿಂದೆ ಬೆನ್ನುಹುರಿಯ ದೋಷವುಳ್ಳ ಮಗುವನ್ನು ಹೆತ್ತಿದ್ದ ತಾಯಂದಿರಿಗೆ, ಮುಂದಿನ ಗರ್ಭ ನಿಲ್ಲುವುದಕ್ಕೆ ಮುಂಚಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟಾಗ ಆ ದೋಷವು ಶೇಕಡಾ ೭೨ರಷ್ಟು ಕಡಮೆಯಾಯಿತು. ಬೆನ್ನುಹುರಿಯ ನಾಳವು ಗರ್ಭದ ಮೊದಲ ನಾಲ್ಕು ವಾರಗಳಲ್ಲಿಯೇ ಮುಚ್ಚಿಕೊಳ್ಳುತ್ತದೆ. ಎಷ್ಟೋ ಮಂದಿಗೆ ತಾವು ಬಸುರಿಯೆಂಬುದೇ ಆಗ ತಿಳಿದಿರುವುದಿಲ್ಲ. ಬಸುರಿಯಾದ ಮೇಲೆ ಆರೈಕೆ ಎಂಬ ನಮ್ಮ ಪದ್ಧತಿ ಈ ಒಂದು ವಿಷಯದಲ್ಲಿ ತಡವಾಗುತ್ತದೆ. ಹುಡುಗಿಯ ಊಟವನ್ನು ಮದುವೆಗೆ ಮುಂಚಿನಿಂದಲೇ ನೋಡಬೇಕು.

ರಕ್ತಹೀನತೆಯಾದರೆ ಕೆಲವು ತಿಂಗಳಲ್ಲಿ ಕಾಣುವ ರೋಗ. ಹೃದ್ರೋಗ, ಸಿಹಿಮೂತ್ರ, ಸ್ತನದ ಕ್ಯಾನ್ಸರು ಮೊದಲಾದುವು ಇಪ್ಪತ್ತು ಮೂವತ್ತು ವರ್ಷ ಒಳಗೊಳಗೇ ಬೆಳೆದು ಒಂದು ದಿನ ಹೊರಬೀಳುವುವು. ಇವುಗಳಿಗೆ ಬೇರೊಂದು ಮಾರ್ಗ ಬೇಕಾಯಿತು. ೧೯೭೬ರಲ್ಲಿ ಅಮೆರಿಕದ ಹನ್ನೊಂದು ಸಂಸ್ಥಾನಗಳ ೧,೨೧,೭೦೦ ಮಂದಿ ದಾದಿಯರನ್ನು ಹಾರ್ವರ್ಡಿನ ಸಂಶೋಧಕರು ಒಂದು ಪಟ್ಟಿಯಲ್ಲಿ ಸೇರಿಸಿಕೊಂಡರು. ಅವರೆಲ್ಲರೂ ಮೂವತ್ತರಿಂದ ಐವತ್ತೈದು ವಯಸ್ಸಿನವರು. ದಾದಿಯರೇ ಏಕೆಂದರೆ, ರೋಗಗಳ ಹೆಸರನ್ನೂ ಔಷಧಗಳ ಪ್ರಮಾಣವನ್ನೂ ಅವರು ತಪ್ಪಿಲ್ಲದೆ ಬರೆಯಬಲ್ಲರು. ಎರಡು ವರ್ಷಕ್ಕೊಮ್ಮೆ ಅವರಿಗೆ ಪ್ರಶ್ನಪತ್ರಿಕೆ ಹೋಗುತ್ತಿತ್ತು. ೧೯೮೦ರಿಂದ ಊಟದ ಪ್ರಶ್ನೆಗಳೂ ಸೇರಿದುವು. ಯಾರಿಗೂ ಇದನ್ನು ತಿನ್ನಿರಿ, ಅದನ್ನು ಬಿಡಿರಿ ಎಂದು ಹೇಳಲಿಲ್ಲ. ಅವರ ಬದುಕನ್ನು ಇದ್ದಂತೆಯೇ ಬರೆದುಕೊಂಡು, ಯಾರಿಗೆ ಯಾವ ರೋಗ ಬಂತೆಂದು ಕಾದು ನೋಡಿದರು.

ಈ ತಾಳ್ಮೆಗೆ ತಕ್ಕ ಫಲ ಬಂತು. ಗಟ್ಟಿಗೊಳಿಸಿದ ಎಣ್ಣೆಯಲ್ಲಿ, ಎಂದರೆ ನಮ್ಮಲ್ಲಿ ವನಸ್ಪತಿಯೆಂದು ಮಾರುವ ಬಗೆಯ ಕೊಬ್ಬಿನಲ್ಲಿರುವ ಟ್ರಾನ್ಸ್ ಕೊಬ್ಬನ್ನು ಹೆಚ್ಚಾಗಿ ತಿನ್ನುತ್ತಿದ್ದವರಿಗೆ ಹೃದ್ರೋಗದ ಭಯ ಸುಮಾರು ಒಂದೂವರೆಯಷ್ಟೆಂದು ೧೯೯೩ರಲ್ಲಿ ಪ್ರಕಟವಾಯಿತು. ಬೇಕರಿಯ ತಿನಿಸುಗಳೂ ಪೇಟೆಯ ಮಿಠಾಯಿಗಳೂ ಈ ಕೊಬ್ಬಿನ ಮೇಲೆಯೇ ನಿಂತಿದ್ದ ಕಾಲವದು. ಅನೇಕ ದೇಶಗಳು ಇದನ್ನು ನಿರ್ಬಂಧಿಸಿದುವು. ನಮ್ಮ ದೇಶದಲ್ಲಿಯೂ ೨೦೨೨ರಿಂದ ಎಣ್ಣೆ ಕೊಬ್ಬುಗಳಲ್ಲಿ ಇದು ಶೇಕಡಾ ೨ನ್ನು ಮೀರಕೂಡದೆಂಬ ನಿಯಮ ಜಾರಿಯಲ್ಲಿದೆ.

೨೦೦೦ದಲ್ಲಿ ಇನ್ನೊಂದು ಲೆಕ್ಕ ಹೊರಬಂದಿತು. ೮೪,೧೨೯ ಮಂದಿ ದಾದಿಯರ ಹದಿನಾಲ್ಕು ವರ್ಷಗಳ ವಿವರವನ್ನು ನೋಡಿ, ಹೊಗೆ ಸೇದದಿರುವುದು, ಮೈತೂಕ ಹಿತಮಿತವಾಗಿರುವುದು, ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯುವುದು ಅಥವಾ ಅಂತಹ ವ್ಯಾಯಾಮ ಮಾಡುವುದು, ಒಳ್ಳೆಯ ಗುಣದ ಆಹಾರ, ಅತ್ಯಲ್ಪ ಮದ್ಯ ಎಂಬ ಐದು ಲಕ್ಷಣಗಳೂ ಇದ್ದವರನ್ನು ಬೇರೆ ಮಾಡಿದರು. ಅಂಥವರು ನೂರಕ್ಕೆ ಮೂವರು ಮಾತ್ರ. ಆ ಮೂವರಂತೆ ಉಳಿದವರೂ ಬಾಳಿದ್ದರೆ, ಆ ಗುಂಪಿನಲ್ಲಿ ಬಂದ ಹೃದ್ರೋಗದಲ್ಲಿ ಶೇಕಡಾ ೮೨ರಷ್ಟು ತಪ್ಪಬಹುದಾಗಿತ್ತೆಂದು ಗಣಿಸಿದರು. ಮದ್ಯವು ಸ್ತನದ ಕ್ಯಾನ್ಸರಿಗೆ ಕಾರಣಗಳಲ್ಲಿ ಒಂದೆಂಬುದು ಸ್ಥಿರಪಟ್ಟಿರುವುದರಿಂದ ಆ ಐದನೆಯದನ್ನು ಯಾರೂ ಸಲಹೆಯಾಗಿ ತೆಗೆದುಕೊಳ್ಳತಕ್ಕದ್ದಲ್ಲ. ಉಳಿದ ನಾಲ್ಕರಲ್ಲಿ ಗಮನಿಸಬೇಕಾದ ಅಂಶವೇನೆಂದರೆ, ಒಂದೊಂದು ಲಕ್ಷಣವೂ ಸಾಮಾನ್ಯವಾದದ್ದು; ಎಲ್ಲವೂ ಒಬ್ಬಳಲ್ಲಿ ಕೂಡಿಬರುವುದೇ ಅಪರೂಪ.

ಹೀಗೆ ಕಾದು ನೋಡುವ ಮಾರ್ಗದಲ್ಲಿ ಒಂದು ತೊಡಕುಂಟು. ದಿನವೂ ಹಣ್ಣು ತಿನ್ನುವವಳು ಹಣ್ಣನ್ನು ಮಾತ್ರ ತಿನ್ನುವವಳಲ್ಲ. ಆಕೆಗೆ ಹಣ ಸ್ವಲ್ಪ ಹೆಚ್ಚಿರಬಹುದು, ಬಿಡುವು ಇರಬಹುದು, ವೈದ್ಯರ ಬಳಿಗೆ ಬೇಗನೆ ಹೋಗುವವಳಾಗಿರಬಹುದು. ಆರೋಗ್ಯವನ್ನು ಕೊಟ್ಟದ್ದು ಹಣ್ಣೋ, ಹಣ್ಣನ್ನು ಕೊಳ್ಳಬಲ್ಲ ಬದುಕೋ? ಸಂಶೋಧಕರು ಗಣಿತದಿಂದ ಇವನ್ನು ಬೇರ್ಪಡಿಸಲು ಯತ್ನಿಸುತ್ತಾರೆ. ಪೂರ್ತಿಯಾಗಿ ಬೇರ್ಪಡಿಸಲು ಯಾವಾಗಲೂ ಸಾಧ್ಯವಾಗುವುದಿಲ್ಲ.

ಇದಕ್ಕೆ ಪ್ರಸಿದ್ಧವಾದ ನಿದರ್ಶನ ಮುಟ್ಟು ನಿಂತ ಹೆಂಗಸರಿಗೆ ಕೊಡುತ್ತಿದ್ದ ಹಾರ್ಮೋನು ಮಾತ್ರೆಗಳದು. ಅವನ್ನು ತೆಗೆದುಕೊಳ್ಳುವ ದಾದಿಯರಲ್ಲಿ ಹೃದ್ರೋಗ ಬಹಳ ಕಡಮೆಯೆಂದು ಕಂಡಿದ್ದುದರಿಂದ, ಲಕ್ಷಾಂತರ ಹೆಂಗಸರು ಹೃದಯಕ್ಕೆ ಒಳ್ಳೆಯದೆಂದು ನಂಬಿ ಅವನ್ನು ನುಂಗುತ್ತಿದ್ದರು. ಇದನ್ನು ನಿಷ್ಕರ್ಷಿಸಬೇಕೆಂದು ಅಮೆರಿಕದ ಸರ್ಕಾರವು ೧೯೯೧ರಲ್ಲಿ ಐವತ್ತರಿಂದ ಎಪ್ಪತ್ತೊಂಬತ್ತು ವಯಸ್ಸಿನ ಹೆಂಗಸರ ಆರೋಗ್ಯದ ಬಗ್ಗೆ ಮಹಾಪ್ರಯೋಗವೊಂದನ್ನು ಆರಂಭಿಸಿತು. ಒಟ್ಟು ೧,೬೧,೮೦೮ ಮಂದಿ ಸೇರಿದರು. ಅವರಲ್ಲಿ ೧೬,೬೦೮ ಮಂದಿಯನ್ನು, ಚೀಟಿ ಎತ್ತಿದಂತೆ, ಎರಡು ಪಾಲು ಮಾಡಿ ಒಂದು ಪಾಲಿಗೆ ಎರಡು ಹಾರ್ಮೋನುಗಳು ಕೂಡಿದ ನಿಜವಾದ ಮಾತ್ರೆಯನ್ನೂ ಇನ್ನೊಂದು ಪಾಲಿಗೆ ಹುಸಿ ಮಾತ್ರೆಯನ್ನೂ ಕೊಟ್ಟರು. ಚೀಟಿ ಎತ್ತುವುದರ ಪ್ರಯೋಜನವೇನೆಂದರೆ, ಹಣವಂತರೂ ಬಡವರೂ, ನಡೆಯುವವರೂ ಕೂರುವವರೂ ಎರಡು ಕಡೆಗೂ ಸಮನಾಗಿ ಹಂಚಿಹೋಗುತ್ತಾರೆ. ಉಳಿಯುವ ವ್ಯತ್ಯಾಸ ಮಾತ್ರೆಯೊಂದೇ. ೨೦೦೨ರಲ್ಲಿ ಈ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಬೇಕಾಯಿತು. ಮಾತ್ರೆ ತೆಗೆದುಕೊಂಡವರಲ್ಲಿ ಹೃದ್ರೋಗವು ಕಡಮೆಯಾಗುವುದಕ್ಕೆ ಬದಲು ಹತ್ತು ಸಾವಿರಕ್ಕೆ ವರ್ಷಕ್ಕೆ ಏಳರಂತೆ ಹೆಚ್ಚಾಗಿತ್ತು. ಸ್ತನದ ಕ್ಯಾನ್ಸರು ಎಂಟರಂತೆ ಹೆಚ್ಚಿತ್ತು. ಮುಟ್ಟು ನಿಂತ ಹೊಸತರಲ್ಲಿ ತೆಗೆದುಕೊಳ್ಳುವವರ ಸ್ಥಿತಿಗೂ ಬಹುವರ್ಷಗಳ ಮೇಲೆ ಆರಂಭಿಸುವವರ ಸ್ಥಿತಿಗೂ ವ್ಯತ್ಯಾಸವುಂಟೆಂದು ಮುಂದಿನ ಪರಿಶೀಲನೆಗಳಿಂದ ತಿಳಿದುಬಂದಿದೆ; ಬೇಗುದಿ ಮೊದಲಾದ ಬಾಧೆಗಳಿಗೆ ವೈದ್ಯರು ಇದನ್ನು ಈಗಲೂ ವಿಚಾರ ಮಾಡಿ ಕೊಡುತ್ತಾರೆ. ಆದರೆ ಹೃದಯರಕ್ಷಣೆಗೆಂದು ಎಲ್ಲರೂ ತೆಗೆದುಕೊಳ್ಳುವ ಪದ್ಧತಿ ಅಲ್ಲಿಗೆ ಕೊನೆಗಂಡಿತು.

ಹಾಗಾದರೆ ಆಹಾರವನ್ನೂ ಚೀಟಿ ಎತ್ತಿಯೇ ಪರೀಕ್ಷಿಸಬಾರದೆ ಎಂದು ಕೇಳಬಹುದು. ಅದೇ ಮಹಾಪ್ರಯೋಗದಲ್ಲಿ ಅದೂ ನಡೆಯಿತು. ೪೮,೮೩೫ ಮಂದಿಯಲ್ಲಿ ಒಂದು ಪಾಲಿಗೆ ಕೊಬ್ಬನ್ನು ಆಹಾರದ ಶಕ್ತಿಯಲ್ಲಿ ಶೇಕಡಾ ೨೦ಕ್ಕೆ ಇಳಿಸಿ, ಹಣ್ಣು, ತರಕಾರಿ, ಧಾನ್ಯಗಳನ್ನು ಹೆಚ್ಚಿಸುವಂತೆ ಬೋಧಿಸಿದರು. ಎಂಟು ವರ್ಷಗಳ ಬಳಿಕ ೨೦೦೬ರಲ್ಲಿ ಫಲವನ್ನು ನೋಡಿದರೆ, ಸ್ತನದ ಕ್ಯಾನ್ಸರು ಶೇಕಡಾ ೯ರಷ್ಟು ಕಡಮೆ ಕಂಡರೂ ಅದು ಆಕಸ್ಮಿಕವಲ್ಲವೆಂದು ಹೇಳುವಷ್ಟಿರಲಿಲ್ಲ; ಹೃದ್ರೋಗದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಆಹಾರದಿಂದ ಏನೂ ಆಗದೆಂದು ಪತ್ರಿಕೆಗಳು ಬರೆದುವು. ಆ ತೀರ್ಮಾನ ಅವಸರದ್ದು. ಮೊದಲನೆಯದಾಗಿ, ಬೋಧನೆ ಪಡೆದವರು ಕೊಬ್ಬನ್ನು ಮೊದಲ ವರ್ಷ ಶೇಕಡಾ ೨೪ಕ್ಕೆ ಇಳಿಸಿದರು. ಆರನೆಯ ವರ್ಷದ ಹೊತ್ತಿಗೆ ಅದು ಶೇಕಡಾ ೨೯ಕ್ಕೆ ಏರಿತ್ತು. ಮಾತ್ರೆಯನ್ನು ನುಂಗಿಸಬಹುದು, ಒಂದು ಸಂಸಾರದ ರುಚಿಯನ್ನು ಎಂಟು ವರ್ಷ ಬದಲಾಯಿಸಿಡುವುದು ಸುಲಭವಲ್ಲ. ಎರಡನೆಯದಾಗಿ, ಅಲ್ಲಿ ಎಲ್ಲ ಕೊಬ್ಬನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದರು. ಕಡಲೆಕಾಯಿಯ ಕೊಬ್ಬಿಗೂ ವನಸ್ಪತಿಯ ಕೊಬ್ಬಿಗೂ ಭೇದ ಮಾಡಿರಲಿಲ್ಲ. ಒಂದು ಪದಾರ್ಥವನ್ನು ಹಿಡಿದು ಏರಿಸುವುದರಿಂದಲೋ ಇಳಿಸುವುದರಿಂದಲೋ ಆರೋಗ್ಯ ಬರುವುದಿಲ್ಲವೆಂಬುದೇ ಇದರಿಂದ ಕಲಿತ ಪಾಠ. ಈಗ ಪಂಡಿತರು ಆಹಾರದ ಗುಣವೆಂದು ಹೇಳುವುದು ಒಟ್ಟು ಊಟದ ರೂಪವನ್ನು: ತವುಡು ಕಳೆಯದ ಧಾನ್ಯ, ಬೇಳೆಕಾಳು, ಸೊಪ್ಪು, ತರಕಾರಿ, ಹಣ್ಣು, ಬೀಜಗಳು ಹೆಚ್ಚಾಗಿರುವುದು, ಸಕ್ಕರೆ, ಉಪ್ಪು, ಕರಿದ ಮತ್ತು ಪೊಟ್ಟಣದ ತಿನಿಸುಗಳು ಕಡಮೆಯಾಗಿರುವುದು.

ಮೇಲೆ ಹೇಳಿದ ದಾದಿಯರಲ್ಲಿ ಬಹುಮಂದಿ ಬಿಳಿಯರು, ಉಣ್ಣಲು ಕೊರತೆಯಿಲ್ಲದವರು. ಅವರ ಲೆಕ್ಕವನ್ನು ನಮ್ಮ ಮನೆಗಳಿಗೆ ಹಾಗೆಯೇ ತಂದಿಡಲಾಗದು. ನಮ್ಮ ದೇಶದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು ೨೦೧೯ರಿಂದ ೨೦೨೧ರವರೆಗೆ ನಡೆದಾಗ, ಹದಿನೈದರಿಂದ ನಲವತ್ತೊಂಬತ್ತು ವಯಸ್ಸಿನ ಹೆಂಗಸರಲ್ಲಿ ಶೇಕಡಾ ೫೭ ಮಂದಿಗೆ ರಕ್ತಹೀನತೆ ಕಂಡಿತು. ಅದೇ ವಯಸ್ಸಿನ ಗಂಡಸರಲ್ಲಿ ಶೇಕಡಾ ೨೫. ಅದೇ ಸಮೀಕ್ಷೆಯಲ್ಲಿ ಶೇಕಡಾ ೨೪ ಹೆಂಗಸರ ಮೈತೂಕ ಮಿತಿಮೀರಿತ್ತು. ಸುಮಾರು ಶೇಕಡಾ ೧೯ ಮಂದಿಯದು ತೀರ ಕಡಮೆಯಿತ್ತು. ಹಸಿವಿನ ರೋಗವೂ ಹೊಟ್ಟೆ ತುಂಬಿದವರ ರೋಗವೂ ನಮ್ಮಲ್ಲಿ ಒಟ್ಟಿಗೇ ಇವೆ. ಮೈತುಂಬಿದವಳಿಗೇ ರಕ್ತ ಕಡಮೆಯಿರುವುದೂ ಉಂಟು. ಪಾಲಿಷ್ ಮಾಡಿದ ಅಕ್ಕಿಯೂ ಸಕ್ಕರೆಯೂ ಹೊಟ್ಟೆಯನ್ನು ತುಂಬುವುವು, ರಕ್ತವನ್ನು ತುಂಬಲಾರವು.

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ನಾಡಿಗೆ ಹೊಸದಲ್ಲ. ನೂರು ಗ್ರಾಂ ರಾಗಿಯಲ್ಲಿ ಮುನ್ನೂರು ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವುಂಟು, ಅಕ್ಕಿಯಲ್ಲಿರುವುದು ಅತ್ಯಲ್ಪ. ಸೊಪ್ಪಿನ ಫೋಲಿಕ್ ಅಂಶವು ನೀರಿನಲ್ಲಿ ಕರಗುವಂತಹದು, ಬಹಳ ಬೇಯಿಸಿದರೆ ಕೆಡುವಂತಹದು. ಸೊಪ್ಪನ್ನು ಬೇಯಿಸಿ ನೀರನ್ನು ಬಸಿದು ಚೆಲ್ಲುವ ಮನೆಯಲ್ಲಿ ಸಾರವು ಮೋರಿಗೆ ಹೋಗುತ್ತದೆ. ಆ ಬಸಿದ ನೀರಿನಿಂದಲೇ ಬಸ್ಸಾರು ಮಾಡುವ ನಮ್ಮ ಹಳ್ಳಿಯ ಹೆಂಗಸರು, ರಸಾಯನಶಾಸ್ತ್ರವನ್ನು ಓದದಿದ್ದರೂ, ಅದರಲ್ಲಿ ಒಂದು ಪಾಲನ್ನಾದರೂ ಉಳಿಸಿಕೊಂಡಿದ್ದಾರೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣವು ಮೈಗೆ ಸುಲಭವಾಗಿ ಹತ್ತುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿಗಳ ಹುಳಿಯಲ್ಲಿರುವ ಸಿ ಜೀವಸತ್ತ್ವವು ಅದಕ್ಕೆ ಸಹಾಯಮಾಡುತ್ತದೆ, ಕಾಫಿ ಚಹಾಗಳು ಅಡ್ಡಿಮಾಡುತ್ತವೆ. ಊಟಕ್ಕೆ ಒಂದು ಗಂಟೆ ಮುಂಚೆಯೂ ಒಂದು ಗಂಟೆ ಅನಂತರವೂ ಅವನ್ನು ಕುಡಿಯಬಾರದೆಂದು ೨೦೨೪ರ ರಾಷ್ಟ್ರೀಯ ಆಹಾರ ಸೂಚನೆಗಳಲ್ಲಿ ಹೇಳಿದೆ. ಊಟವಾದೊಡನೆ ಕಾಫಿ ಬೇಕೆನ್ನುವ ನಗರವಾಸಿಗಳಿಗೆ ಈ ಮಾತು ಅಷ್ಟು ಹಿತವಾಗಲಾರದು, ಆದರೂ ಹೇಳಬೇಕಾದುದೇ. ರಕ್ತಹೀನತೆ ಹೆಚ್ಚಿದ್ದವರಿಗೆ ಇಷ್ಟೇ ಸಾಲದು; ಅವರು ವೈದ್ಯರಿಂದ ಮಾತ್ರೆಯನ್ನು ಪಡೆಯಲೇಬೇಕು.

ಇನ್ನು ಉಳಿದಿರುವುದು ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಒಂದು ಮನೆಗೆ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಹಾಲು ಬಂತೆಂದು ಬರೆದುಕೊಂಡು ತಲೆಗಳಿಂದ ಭಾಗಿಸಿದರೆ ಒಬ್ಬೊಬ್ಬರಿಗೂ ಒಂದು ಪಾಲು ಬರುತ್ತದೆ. ಅದು ಕಾಗದದ ಮೇಲಿನ ಪಾಲು. ಗಂಡ, ಮಕ್ಕಳು, ಅತಿಥಿಗಳು ಎಲ್ಲರೂ ಉಂಡ ಮೇಲೆ ಪಾತ್ರೆಯಲ್ಲಿ ಉಳಿದದ್ದನ್ನು ತಾನು ಉಣ್ಣುವ ಗೃಹಿಣಿಗೆ ನಿಜವಾಗಿ ಸಿಕ್ಕುವ ಪಾಲು ಬೇರೆ. ಅನ್ನ ಸಾರುಗಳು ಉಳಿದಿರುತ್ತವೆ. ಪಲ್ಯ, ಮೊಸರು, ಹಣ್ಣು ಮುಗಿದಿರುತ್ತವೆ. ಆಕೆಯ ಹೊಟ್ಟೆ ತುಂಬುತ್ತದೆ, ಆಹಾರದ ಗುಣ ಮಾತ್ರ ಅವಳಿಗೆ ದಕ್ಕುವುದಿಲ್ಲ. ವಾರದ ಉಪವಾಸಗಳು ಇದರ ಮೇಲೆ ಬರುತ್ತವೆ. ಇದು ಬಡತನದಿಂದ ಮಾತ್ರ ಆಗುವುದಲ್ಲ. ಹಾಲು ತುಪ್ಪಗಳಿಗೆ ಕೊರತೆಯಿಲ್ಲದ ವಿದ್ಯಾವಂತರ ಮನೆಗಳಲ್ಲಿಯೂ ನಡೆಯುತ್ತಿದೆ, ತ್ಯಾಗವೆಂದು ಹೊಗಳಿಸಿಕೊಳ್ಳುತ್ತಲೂ ಇದೆ. ನಡಿಗೆಯ ವಿಷಯವೂ ಹೀಗೆಯೇ. ವಾರಕ್ಕೆ ನೂರೈವತ್ತು ನಿಮಿಷ ಮೈಬೆಚ್ಚಗಾಗುವಂತೆ ನಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ನಿಮಿಷಗಳನ್ನು ಆಕೆಗೆ ಬಿಡಿಸಿಕೊಡುವವರಾರು ಎಂಬುದನ್ನು ಮನೆಯವರೇ ಯೋಚಿಸಬೇಕು.

ಇನ್ನು ಮುಂದೆ ಆಹಾರದ ವಿಷಯವಾಗಿ ಹೊಸ ಸುದ್ದಿಯನ್ನು ಓದಿದಾಗ ಶ್ರೋತೃಗಳು ಮೂರು ಪ್ರಶ್ನೆಗಳನ್ನು ಹಾಕಿಕೊಂಡರೆ ಮೋಸಹೋಗುವ ಸಂಭವ ಕಡಮೆ. ಪರೀಕ್ಷೆಗೊಳಗಾದವರು ಯಾರು, ಹೆಂಗಸರು ಅದರಲ್ಲಿದ್ದರೆ? ಇದ್ದುದನ್ನು ನೋಡಿ ಬರೆದದ್ದೋ, ಚೀಟಿ ಎತ್ತಿ ಪರೀಕ್ಷಿಸಿದ್ದೋ? ಒಂದು ಪದಾರ್ಥದ ಮಾತೋ, ಒಟ್ಟು ಊಟದ ಮಾತೋ? ಈ ಮೂರಕ್ಕೂ ಉತ್ತರ ಸಿಗದ ಸುದ್ದಿಯನ್ನು ಮರೆತರೆ ನಷ್ಟವಿಲ್ಲ.

ನಾಲ್ಕನೆಯ ಪ್ರಶ್ನೆಯೊಂದನ್ನು ಮನೆಯಲ್ಲಿಯೇ ಕೇಳಬೇಕು. ಲೂಸಿ ವಿಲ್ಸ್ ಅವರು ಬೊಂಬಾಯಿಯಲ್ಲಿ ಕೇಳಿದ ಪ್ರಶ್ನೆಯೇ ಅದು: ಈ ಹೆಂಗಸು ತಿನ್ನುವುದೇನು? ಅದನ್ನು ತಿಳಿಯುವುದಕ್ಕೆ ಪ್ರಯೋಗಶಾಲೆ ಬೇಕಾಗಿಲ್ಲ. ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಉಣ್ಣುವುದನ್ನು ಅಭ್ಯಾಸಮಾಡಿಕೊಂಡರೆ ಸಾಕು. ತಾಯಿಯ ಎಲೆಯಲ್ಲಿ ಏನಿದೆ, ಏನಿಲ್ಲ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ.